ಇಳಿಯದೆ ಉಳಿದ ಎಣ್ಣೆ

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಅಂತ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ಕಾರಿನ ಕೆಳಗೆ ಮಲಗಿದವರಲ್ಲ. ಅಲ್ಲಿ ಮಲಗಿದವನಿಗೆ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದೇ ಬುದ್ಧಿವಂತಿಕೆ. ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ಕೊನೆಯ ಸುತ್ತು ಬಿಡುವಾಗ ಮೊದಲು ಅದರ ಅಂಚಿನಲ್ಲಿ ಒಂದು ತೆಳ್ಳನೆ ಕಂದು ಗೆರೆ ಕಾಣುತ್ತದೆ. ಆಮೇಲೆ ಮಣಿಕಟ್ಟಿನಿಂದ ಮೊಣಕೈಗೆ ಬೆಚ್ಚಗೆ ಏನೋ ಹರಿಯುತ್ತದೆ. ಆಮೇಲೆ ದಬಕ್ಕನೆ ಧಾರೆ. ಟ್ರೇ ಯಾವಾಗಲೂ ಒಂದು ಗೇಣು ಆಚೆಗೇ ಇರುತ್ತದೆ. ನನಗಂತೂ ಮೂರು ಸಲವೂ ಹಾಗೇ ಆಯಿತು.

ಒಂದೇ ಕಾರಿಗೆ, ಕೆಲವೇ ತಿಂಗಳಲ್ಲಿ, ಮೂರು ಸಲ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿದ್ದೇನೆ ಅಂದರೆ ಕೇಳಿದವರು ನನ್ನನ್ನು ಒಂಥರಾ ನೋಡುತ್ತಾರೆ. ಅದು ಶುರುವಾಗಿದ್ದು ಒಂದು ನಡುಕದಿಂದ.

ಗಂಟೆಗೆ 60 ಕಿಲೋಮೀಟರ್ ವೇಗ. ಸಮತಟ್ಟಾದ ರಸ್ತೆ. ಪೆಡಲ್ ಮೇಲೆ ಕಾಲು ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಆಗ ರಸ್ತೆಗೆ ಅಡ್ಡಡ್ಡ ಯಾರೋ ಹಗ್ಗ ಹಾಸಿದ್ದಾರೇನೋ ಅನ್ನುವ ಹಾಗೆ ಗರ್‌ರ್ ಅಂತ ನಾಲ್ಕೈದು ಸೆಕೆಂಡ್ ನಡುಗುತ್ತಿತ್ತು. ಪೆಡಲ್ ಸ್ವಲ್ಪ ಜಾಸ್ತಿ ಒತ್ತಿದರೆ ನಿಲ್ಲುತ್ತಿತ್ತು. ಪೂರ್ತಿ ಬಿಟ್ಟರೂ ನಿಲ್ಲುತ್ತಿತ್ತು. ಮೊದಲು ಟೈರ್ ಮೇಲೆ ಅನುಮಾನ ಬಂತು, ಬ್ಯಾಲೆನ್ಸಿಂಗ್ ಮಾಡಿಸಿದೆ. ಆಮೇಲೆ ಪ್ಲಗ್ ಬದಲಾಯಿಸಿದೆ. ನಡುಕ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಒಂದು ದಿನ ಖಾಲಿ ರಸ್ತೆಯಲ್ಲಿ, ನಡುಕ ಶುರುವಾದ ಕೂಡಲೇ ಎಡಗಾಲಿನಲ್ಲಿ ಬ್ರೇಕನ್ನು ಸುಮ್ನೆ ಮುಟ್ಟಿದೆ. ಬ್ರೇಕ್ ಹಿಡಿಯುವಷ್ಟಲ್ಲ, ಹಿಂದಿನ ದೀಪ ಹತ್ತುವಷ್ಟು. ನಡುಕ ಆ ಕ್ಷಣ ಮಾಯ. ಟೈರಿನ ತಪ್ಪಾಗಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ಬ್ರೇಕ್ ದೀಪದ ಸ್ವಿಚ್ ಒತ್ತಿದಾಗ ಬಿಟ್ಟುಕೊಳ್ಳುವುದು ಟಾರ್ಕ್ ಕನ್ವರ್ಟರಿನ ಒಳಗಿರುವ ಲಾಕ್‌ಅಪ್ ಕ್ಲಚ್. ಕನ್ವರ್ಟರ್ ಅಂದರೆ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ, ಈ ಕ್ಲಚ್ ಹಿಡಿದಾಗ ಬಲ ನೇರವಾಗಿ ದಾಟುತ್ತದೆ. ಕಳ್ಳ ಅಲ್ಲಿ ಕೂತಿದ್ದ.

ಈ ಕ್ಲಚ್ ಎಣ್ಣೆಯಲ್ಲಿ ಮುಳುಗಿಯೇ ಕೆಲಸ ಮಾಡುತ್ತದೆ. ಎಂಜಿನ್ ಆಯಿಲಿಗೆ ಜಾರಿಸುವುದು ಗೊತ್ತಿದ್ದರೆ ಹೆಚ್ಚುಕಡಿಮೆ ಸಾಕು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯ ಪಾಡು ಹಾಗಲ್ಲ. ಬೇರಿಂಗಿಗೆ ಜಾರಬೇಕು, ಕ್ಲಚ್ಚಿಗೆ ಹಿಡಿಯಬೇಕು, ಅದೂ ಹದವಾಗಿ. ಆ ಹದಕ್ಕೆ ಎಣ್ಣೆಯಲ್ಲಿ ಬೇರೆಯೇ ರಾಸಾಯನಿಕಗಳು ಬೆರೆತಿರುತ್ತವೆ. ಬಿಸಿಗೆ ಬೆಂದು ಬೆಂದು ಅವು ಸವೆದಾಗ ಕ್ಲಚ್ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಒದ್ದೆ ಬೆರಳನ್ನು ಗಾಜಿನ ಮೇಲೆ ಎಳೆದರೆ ಕಿರ್ ಅನ್ನುತ್ತದಲ್ಲ, ಅದೇ ಸಂಗತಿ. ಗಾಜಿನ ಜಾಗದಲ್ಲಿ ಒಂದೂವರೆ ಟನ್ ಕಾರು ಇದೆ ಅಷ್ಟೇ. ಈ ಹದ ತರಲು ಒಂದು ಕಾಲದಲ್ಲಿ ಅಮೆರಿಕದಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದ ಶುರುವಿನಲ್ಲಿ ತಿಮಿಂಗಿಲಗಳನ್ನು ಉಳಿಸುವ ಕಾನೂನುಗಳು ಬಂದ ಮೇಲೆ ಅದು ನಿಂತಿತು. ಗೇರು ನುಣ್ಣಗೆ ಬೀಳಲಿ ಅಂತ ತಿಮಿಂಗಿಲ ಕೊಂದರು ಅನ್ನೋದು ಓದಿದ ದಿನ ನನಗೆ ಸ್ವಲ್ಪ ಹೊತ್ತು ಬೇರೇನೂ ಓದಲು ಆಗಲಿಲ್ಲ.

ಗ್ಯಾರೇಜಿನಲ್ಲಿ ಕೇಳಿದೆ. "ಅದು ಲೈಫ್‌ಟೈಮ್ ಆಯಿಲ್ ಸಾರ್, ಮುಟ್ಟಬೇಡಿ, ಮುಟ್ಟಿದ್ರೆ ಕೆಡುತ್ತೆ" ಅಂದರು. ಮನೆಗೆ ಬಂದು ಕಾರಿನ ಜೊತೆ ಬಂದ ಪುಸ್ತಕ ತೆಗೆದೆ. ಮುಂದಿನ ಪುಟಗಳಲ್ಲಿ ಬದಲಾಯಿಸುವ ಮಾತೇ ಇಲ್ಲ. ಹಿಂದಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, "ಕಠಿಣ ಬಳಕೆ"ಗೆ ಬೇರೆ ಲೆಕ್ಕವಿತ್ತು. ಕಠಿಣ ಬಳಕೆ ಅಂದರೆ ಏನಪ್ಪಾ ಅಂತ ನೋಡಿದರೆ, ನಿಂತು ನಿಂತು ಹೋಗುವ ಟ್ರಾಫಿಕ್, ಏರುರಸ್ತೆ, ಸೆಕೆ, ಚಿಕ್ಕ ಚಿಕ್ಕ ಓಡಾಟ. ಅಂದರೆ ನಾವೆಲ್ಲ ಕಾರು ಓಡಿಸುವ ರೀತಿ.

ಎಣ್ಣೆ ಆರಿಸುವ ವಿಷಯದಲ್ಲಿ ನನ್ನದು ಒಂದೇ ಹಠ. ಪುಸ್ತಕದಲ್ಲಿ ಯಾವ ಹೆಸರು, ಯಾವ ನಂಬರ್ ಇದೆಯೋ ಅದೇ. ಡೆಕ್ಸ್ರಾನ್ 6 ಅಂದಿದ್ದರೆ ಡೆಕ್ಸ್ರಾನ್ 6, ಟೊಯೊಟಾ ಡಬ್ಲ್ಯೂಎಸ್ ಅಂದಿದ್ದರೆ ಅದೇ. "ಎಲ್ಲಾ ಗಾಡಿಗೂ ಆಗುತ್ತೆ" ಅಂತ ಬರೆದ ಡಬ್ಬಿ ನನಗೆ ನಂಬಿಕೆ ಹುಟ್ಟಿಸುವುದಿಲ್ಲ. ಬೆಲ್ಟಿನ ಮೇಲೆ ಓಡುವ ಸಿವಿಟಿ ಗಾಡಿಗೆ, ಎರಡು ಕ್ಲಚ್ಚಿನ ಡಿಸಿಟಿ ಗಾಡಿಗೆ ಎಣ್ಣೆಯೇ ಬೇರೆ. ಬಣ್ಣ ಒಂದೇ ಥರ ಇದೆ ಅಂತ ಸುರಿದರೆ ಕಥೆ ಮುಗಿದ ಹಾಗೆ. ಕೆಂಪು ಬರೀ ಬಣ್ಣ. ಸೋರಿದರೆ ಎಂಜಿನ್ ಆಯಿಲ್ ಅಲ್ಲ ಅಂತ ಗೊತ್ತಾಗಲಿ ಅಂತ ಬೆರೆಸಿದ್ದು.

ಮೊದಲನೇ ಸಲ ಒಂದು ಇಡೀ ದಿನ ಹಿಡಿಯಿತು. ಕಾರು ಎತ್ತಿ ನಾಲ್ಕೂ ಕಡೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕೆಳಗೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಆ ಮಾತು ಇಲ್ಲಿಗೆ ಬಿಡುತ್ತೇನೆ. ಡ್ರೈನ್ ಬೋಲ್ಟಿನಿಂದ ಬಂದಷ್ಟು ಎಣ್ಣೆಯನ್ನು ಟ್ರೇಗೆ ಹಿಡಿದು, ಆಮೇಲೆ ಪ್ಯಾನ್, ಅಂದರೆ ಗೇರ್‌ಬಾಕ್ಸಿನ ತಳದ ತಟ್ಟೆ, ಬಿಚ್ಚಿದೆ. ಪ್ಯಾನಿನ ತಳದಲ್ಲಿ ಇನ್ನೂ ಒಂದು ಬೆರಳು ಎಣ್ಣೆ ನಿಂತಿರುತ್ತದೆ. ಒಂದು ಮೂಲೆ ಮೊದಲು ಇಳಿಸಿದರೆ ಅದು ಟ್ರೇಗೆ ಹೋಗುತ್ತದೆ. ಮರೆತರೆ ಎದೆಗೆ.

ಪ್ಯಾನಿನಲ್ಲಿ ನಾಲ್ಕು ಪುಟ್ಟ ಮ್ಯಾಗ್ನೆಟ್‌ಗಳಿದ್ದವು. ಅವುಗಳ ಮೇಲೆ ಕೂತಿದ್ದು ನೋಡಿ ಎದೆ ಧಸಕ್ ಅಂತು. ಒಂದೊಂದರ ಮೇಲೂ ಮುಳ್ಳು ಮುಳ್ಳಾಗಿ ಎದ್ದ ಕಪ್ಪು ಬೂದು ರಾಡಿ. ಒಂದನ್ನು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದೆ. ಕಾಡಿಗೆಯಷ್ಟು ನುಣ್ಣಗಿತ್ತು. ಬೆರಳ ಗೆರೆಗಳಲ್ಲಿ ಇಳಿದು ಕೂತುಬಿಟ್ಟಿತು, ಮೂರು ದಿನ ಹೋಗಲಿಲ್ಲ. ನುಣ್ಣಗಿದ್ದರೆ ಗಾಬರಿ ಬೇಡ, ಅದು ಉಕ್ಕು ವರ್ಷಗಟ್ಟಲೆ ಸವೆದ ಪುಡಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ, ಹೊಳೆಯುವ ಸಿಬಿರು ಸಿಕ್ಕಿದರೆ, ಎಣ್ಣೆ ಬದಲಾಯಿಸುವ ಕೆಲಸ ಅಲ್ಲಿಗೇ ನಿಲ್ಲಿಸಿ ಗೇರ್‌ಬಾಕ್ಸ್ ಬಿಚ್ಚುವವರ ಹತ್ತಿರ ಹೋಗಬೇಕು. ನಾನು ನಾಲ್ಕನ್ನೂ ಒರೆಸಿ ಅದದೇ ಜಾಗದಲ್ಲಿ ಕೂರಿಸಿದೆ. ಹಳೇ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಮೇಲೆ ತೂತಿನಲ್ಲೇ ಉಳಿದಿತ್ತು. ಟಾರ್ಚ್ ಹಾಕಿ ನೋಡದೆ ಹೊಸ ಫಿಲ್ಟರ್ ಒತ್ತಿದ್ದರೆ ರಿಂಗ್ ಮೇಲೆ ರಿಂಗ್ ಕೂತು, ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು.

ಕೆಡಿಸಿದ್ದು ಬೋಲ್ಟ್ ಬಿಗಿಯುವಾಗ. ಪ್ಯಾನಿನ ಬೋಲ್ಟುಗಳು ಚಿಕ್ಕವು, ಅವಕ್ಕೆ ಬೇಕಾದ ಬಿಗಿ 10 ನ್ಯೂಟನ್ ಮೀಟರ್ ಆಸುಪಾಸು. ಚಕ್ರದ ನಟ್ಟಿಗೆ 100ಕ್ಕಿಂತ ಜಾಸ್ತಿ ಹಾಕಿ ಅಭ್ಯಾಸವಾದ ಕೈಗೆ ಈ 10 ಅನ್ನೋದು ಬಿಗಿ ಅಂತಲೇ ಅನ್ನಿಸುವುದಿಲ್ಲ. ಸೋರಿದರೆ ಅನ್ನುವ ಹೆದರಿಕೆಗೆ ಹಿಂದಿನ ಮೂಲೆಯ ಬೋಲ್ಟಿಗೆ ಇನ್ನೊಂದು ಕಾಲು ಸುತ್ತು ಕೊಟ್ಟೆ. ಪಾನಾ ಇದ್ದಕ್ಕಿದ್ದ ಹಾಗೆ ಹಗುರವಾಯಿತು. ಆ ಹಗುರ ಗೊತ್ತಿದ್ದವರಿಗೇ ಗೊತ್ತು. ಅಲ್ಯೂಮಿನಿಯಮ್ ಥ್ರೆಡ್ ಬೋಲ್ಟಿನ ಜೊತೆ ಸುರುಳಿಯಾಗಿ ಈಚೆ ಬಂತು. ಕಿತ್ತುಹೋದ ತೂತಿಗೆ ಹೊಸ ಥ್ರೆಡ್ ಕೊಡುವ ಇನ್ಸರ್ಟ್ ತಂದು ಹಾಕುವುದರಲ್ಲಿ ಕತ್ತಲಾಯಿತು. ಈಗ ಬಿಗಿ ಅಳೆಯುವ ಸಣ್ಣ ಟಾರ್ಕ್ ರೆಂಚ್ ಇಟ್ಟುಕೊಂಡಿದ್ದೇನೆ.

ಕೆಳಗಿಳಿದ ಎಣ್ಣೆ ಅಳೆದೆ. 3.6 ಲೀಟರ್. ಅಷ್ಟೇ ಹೊಸದನ್ನು, ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಕಡ್ಡಿಯ ಕೊಳವೆಗೆ ಉದ್ದ ಮೂತಿಯ ಆಲಿಕೆ ಇಟ್ಟು ಸುರಿದೆವು. ಸುರಿದಿದ್ದು ಮಗಳು, ಹಿಡಿದಿದ್ದು ನಾನು. ಮಾರನೇ ದಿನ ಓಡಿಸಿ ಬಂದು ಡಿಪ್‌ಸ್ಟಿಕ್ ಎಳೆದು ಬಿಳೀ ಬಟ್ಟೆಗೆ ಒರೆಸಿದೆ. ಕೆಂಪು ಇಲ್ಲ. ಮಣ್ಣಿನ ಬಣ್ಣ. "ಅಪ್ಪಾ, ನೀವು ಹಾಕಿದ್ದು ಹೊಸದೇ ತಾನೆ?" ಅಂದಳು. ಪುಸ್ತಕದ ಕೊನೆಯ ಪುಟದ ಪಟ್ಟಿ ನೋಡಿದೆ. ಆ ಗೇರ್‌ಬಾಕ್ಸ್ ಒಟ್ಟು ಹಿಡಿಯುವುದು 7.8 ಲೀಟರ್. ಅಂದರೆ ನಾನು ಒಂದು ದಿನ ಪೂರ್ತಿ ಒದ್ದಾಡಿ ಬದಲಾಯಿಸಿದ್ದು ಅರ್ಧಕ್ಕಿಂತ ಕಡಿಮೆ. ಮಿಕ್ಕ 4.2 ಲೀಟರ್ ಮೇಲೆ ಎಲ್ಲೋ ಕೂತು ನನ್ನ ಕೆಲಸ ನೋಡುತ್ತಿತ್ತು.

ಎಲ್ಲೋ ಅಂದರೆ ಎಣ್ಣೆಯನ್ನು ಬೇಕಾದ ಕಡೆ ಕಳಿಸುವ ವಾಲ್ವ್ ಬಾಡಿಯ ಸಣ್ಣ ಸಣ್ಣ ಓಣಿಗಳಲ್ಲಿ, ಕ್ಲಚ್ ಡ್ರಮ್‌ಗಳಲ್ಲಿ, ಎಣ್ಣೆ ತಣಿಸುವ ಕೂಲರಿನಲ್ಲಿ, ಪೈಪುಗಳಲ್ಲಿ. ಆದರೆ ದೊಡ್ಡ ಪಾಲು ಟಾರ್ಕ್ ಕನ್ವರ್ಟರಿನದು. ಎರಡು ಬಾಣಲೆಗಳನ್ನು ಬಾಯಿಗೆ ಬಾಯಿ ಇಟ್ಟು ಸುತ್ತ ಬೆಸುಗೆ ಹಾಕಿದರೆ ಹೇಗಿರುತ್ತದೋ ಅದು ಹಾಗಿರುತ್ತದೆ. ಎಣ್ಣೆ ಒಳಗೆ ಹೋಗುವುದು, ಹೊರಗೆ ಬರುವುದು ಎರಡೂ ನಟ್ಟನಡುವಿನ ಕೊರಳಿನಿಂದ. ಹಾಗಾಗಿ ನಿಂತಾಗ ಕೊರಳಿಗಿಂತ ಕೆಳಗಿರುವ ಎಣ್ಣೆಗೆ ಇಳಿಯಲು ದಾರಿಯೇ ಇಲ್ಲ. ಹಳೆಯ ಕೆಲವು ಗಾಡಿಗಳಲ್ಲಿ ಕನ್ವರ್ಟರಿಗೇ ಒಂದು ಡ್ರೈನ್ ಬೋಲ್ಟ್ ಇರುತ್ತಿತ್ತು. ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ಬೋಲ್ಟನ್ನು ಕಿಂಡಿಯ ಎದುರಿಗೆ ತಂದು ಬಿಚ್ಚಬಹುದಿತ್ತು. ಈಗಿನ ಹೆಚ್ಚಿನ ಗಾಡಿಗಳಲ್ಲಿ ಅದನ್ನು ಬಿಟ್ಟಿದ್ದಾರೆ. ಯಾಕೆ ಬಿಟ್ಟರೋ, ನನಗಂತೂ ಅದೊಂದು ಜಿಪುಣತನದ ಹಾಗೆ ಕಾಣುತ್ತದೆ.

ಕನ್ವರ್ಟರ್ ಏನು ಮಾಡುತ್ತದೆ ಅಂತ ಹೇಳುವಾಗ ಎಲ್ಲರೂ ಎದುರುಬದುರು ಇಟ್ಟ ಎರಡು ಫ್ಯಾನ್ ಉದಾಹರಣೆ ಕೊಡುತ್ತಾರೆ. ಒಂದು ತಿರುಗಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಸರಿ, ಆದರೆ ಅದು ಅರ್ಧ ಕಥೆ. ಎರಡೇ ಫ್ಯಾನ್ ಇದ್ದರೆ ಅದು ಬರೀ ಫ್ಲೂಯಿಡ್ ಕಪ್ಲಿಂಗ್. ಎಂಜಿನ್ ಕೊಟ್ಟಷ್ಟು ಬಲವನ್ನೇ ದಾಟಿಸುತ್ತದೆ. ನಡುವೆ ಮೂರನೆಯದೊಂದು ಇದೆ, ಸ್ಟೇಟರ್. ಎರಡನೇ ಫ್ಯಾನಿಗೆ ಬಡಿದು ವಾಪಸ್ ಬರುವ ಎಣ್ಣೆ ಮೊದಲನೆಯದರ ತಿರುಗುವಿಕೆಗೆ ಅಡ್ಡ ಬಾರದ ಹಾಗೆ ಇದು ದಾರಿ ತಿರುಗಿಸುತ್ತದೆ. ನಿಂತ ಕಾರು ಹೊರಡುವಾಗ ಎಂಜಿನ್ನಿನ ತಿರುಚುಬಲ ಸುಮಾರು ಎರಡು ಪಟ್ಟಾಗುವುದು ಇದರಿಂದ. ಹರ್ಮನ್ ಫೋಟಿಂಗರ್ ಅನ್ನುವ ಜರ್ಮನ್ ಎಂಜಿನಿಯರ್ ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಅವನ ತಲೆಯಲ್ಲಿದ್ದಿದ್ದು ಕಾರಲ್ಲ, ಹಡಗು. ಜೋರಾಗಿ ತಿರುಗುವ ಸ್ಟೀಮ್ ಟರ್ಬೈನನ್ನು ನಿಧಾನ ತಿರುಗಬೇಕಾದ ಪ್ರೊಪೆಲ್ಲರಿಗೆ ಹೇಗೆ ಜೋಡಿಸುವುದು ಅನ್ನುವ ಚಿಂತೆ. ಕಾರುಗಳಲ್ಲಿ ಓಲ್ಡ್ಸ್‌ಮೊಬಿಲ್ 1940ರ ಮಾಡೆಲ್‌ಗೆ ಹೈಡ್ರಾಮ್ಯಾಟಿಕ್ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಾಗ ಅದರಲ್ಲಿ ಇದ್ದಿದ್ದು ಬರೀ ಕಪ್ಲಿಂಗ್. ಕನ್ವರ್ಟರಿನಲ್ಲಿ ಎಷ್ಟು ಚೆನ್ನಾಗಿ ಓಡಿಸಿದರೂ ಎಣ್ಣೆ ಸ್ವಲ್ಪ ಜಾರುತ್ತಲೇ ಇರುತ್ತದೆ, ಆ ಜಾರುವಿಕೆ ಬಿಸಿಯಾಗಿ ಹಾಳಾಗುತ್ತದೆ. ಅದನ್ನು ತಪ್ಪಿಸಲು ಪ್ಯಾಕಾರ್ಡ್ ಕಂಪನಿ 1949ರಲ್ಲಿ ತನ್ನ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಲಾಕ್‌ಅಪ್ ಕ್ಲಚ್ ಇಟ್ಟಿತು. ಎಣ್ಣೆಯ ಮೂಲಕ ಬಲ ದಾಟಿಸಲು ಕಲಿತ 44 ವರ್ಷಕ್ಕೆ, ಎಣ್ಣೆಯನ್ನು ಪಕ್ಕಕ್ಕಿಟ್ಟು ದಾಟಿಸುವ ಕ್ಲಚ್. ನನ್ನ ಕಾರಿನಲ್ಲಿ ನಡುಗುತ್ತಿದ್ದಿದ್ದು ಅದರ ಮರಿಮಗ.

ಸರಿ, ಇಳಿಯದ ಎಣ್ಣೆಯನ್ನು ಏನು ಮಾಡೋದು? ಒಂದು ದಾರಿ, ಮತ್ತೆ ಮತ್ತೆ ಇಳಿಸಿ ಸುರಿಯುವುದು. ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಸಲ ಬದಲಾಯಿಸಿದರೆ ಹಳೆಯದು ಶೇಕಡಾ 54 ಉಳಿಯುತ್ತದೆ. ಓಡಿಸಿ ಬೆರೆಸಿ ಎರಡನೇ ಸಲ ಇಳಿಸಿದರೆ 29. ಮೂರನೇ ಸಲಕ್ಕೆ 16. ಅಷ್ಟಕ್ಕೆ ಹೊಸ ಎಣ್ಣೆ 10.8 ಲೀಟರ್ ಖರ್ಚು. ಮೂರನೇ ಸಲ ನಾವು ಚೆಲ್ಲುವುದರಲ್ಲಿ ಬಹುಪಾಲು ನಾವೇ ಹಾಕಿದ ಹೊಸ ಎಣ್ಣೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹತ್ತು ಸಲ ಮಾಡಿದರೂ ಸೊನ್ನೆ ಬರುವುದಿಲ್ಲ.

ಭಾವನಿಗೆ ಹೇಳಿದೆ. ಅವರು ತಮ್ಮ ಗಾಡಿಯ ಕೆಲಸ ಬೇರೆ ಯಾರಿಗೂ ಬಿಡುವವರಲ್ಲ. "ಅಲ್ಲಯ್ಯಾ, ಇಷ್ಟೆಲ್ಲಾ ಗಣಿತ ಯಾಕೆ? ಕೂಲರ್ ಪೈಪ್ ಬಿಚ್ಚು, ಎಂಜಿನ್ ಶುರು ಮಾಡು, ಅದೇ ಕಕ್ಕುತ್ತೆ" ಅಂದರು. "ಪಂಪು ಒಣಗಿ ಕೂತರೆ ಏನು ಮಾಡ್ತೀರಿ ಭಾವ?" ಅಂದೆ. "ಒಣಗೋಕೆ ಬಿಡೋದ್ಯಾಕೆ? ಒಂದು ಲೀಟರ್ ತೆಗಿ, ಆಫ್ ಮಾಡು, ಒಂದು ಲೀಟರ್ ಹಾಕು. ಅಳೆದೂ ಸುರಿದೂ ನೋಡೋದು ನಿನಗೆ ಹೇಗೂ ಅಭ್ಯಾಸ."

ಎರಡನೇ ಸಲ ನಾನು ಧೈರ್ಯ ಮಾಡಲಿಲ್ಲ. ಸುಮ್ನೆ ಬೋಲ್ಟ್ ಬಿಚ್ಚಿ, ಬಂದಷ್ಟು ಇಳಿಸಿ, ಅಷ್ಟೇ ಸುರಿದೆ. ಪ್ಯಾನ್ ಮುಟ್ಟಲಿಲ್ಲ. ಅರ್ಧ ಗಂಟೆಯ ಕೆಲಸ.

ಮೂರನೇ ಸಲ ಬೋಲ್ಟಿನಿಂದ ಇಳಿಸಿ ತುಂಬಿದ ಮೇಲೆ ಭಾವನ ಪೈಪಿನ ಉಪಾಯ ಮಾಡಿದೆವು. ಕೂಲರಿನಿಂದ ಗೇರ್‌ಬಾಕ್ಸಿಗೆ ವಾಪಸ್ ಬರುವ ಪೈಪು ಬಿಚ್ಚಿ, ಅದಕ್ಕೆ ಪಾರದರ್ಶಕ ಹೋಸ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗೆರೆ ಹಾಕಿದ ಬಾಟಲಿಗೆ ಇಳಿಸಿ ತಂತಿಯಲ್ಲಿ ಕಟ್ಟಿದೆ. ಕಟ್ಟದಿದ್ದರೆ ಹೋಸು ಹಾವಿನ ಹಾಗೆ ಎದ್ದು ಬರುತ್ತದೆ. ಕೆಲವು ಗಾಡಿಗಳಲ್ಲಿ ಕೂಲರಿನ ದಾರಿಗೆ ಥರ್ಮೋಸ್ಟ್ಯಾಟ್ ಇರುತ್ತದೆ, ಎಣ್ಣೆ ಬಿಸಿಯಾಗುವವರೆಗೆ ಏನೂ ಬರುವುದಿಲ್ಲ. ನನ್ನದರಲ್ಲಿ ಆ ತಾಪತ್ರಯ ಇರಲಿಲ್ಲ. ಮಗಳು ಡ್ರೈವರ್ ಸೀಟಿನಲ್ಲಿ, ಗೇರು ಪಿ ಯಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಟ್ಟು. "ಹೂಂ" ಅಂದರೆ ಸ್ಟಾರ್ಟ್, "ಸಾಕು" ಅಂದರೆ ಆಫ್. ಬೇರೆ ಮಾತೇ ಇಲ್ಲ ಅಂತ ಒಪ್ಪಂದ.

ಹೂಂ ಅಂದೆ. ಹೋಸಿನಲ್ಲಿ ಮೊದಲು ಗುಳ್ಳೆ, ಆಮೇಲೆ ಕಂದು ಎಣ್ಣೆ ತುಂಡು ತುಂಡಾಗಿ, ಆಮೇಲೆ ಒಂದೇ ಸಮನೆ. ಒಂದು ಲೀಟರ್ ಬರಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಸಾಕು. ಒಂದು ಲೀಟರ್ ಒಳಗೆ. ಮತ್ತೆ ಹೂಂ. ಹೀಗೆ ಮೂರು ಸಲ. ಮೂರನೆಯದರ ಕೊನೆಯಲ್ಲಿ ಹೋಸಿನೊಳಗೆ ಬಣ್ಣ ತಿಳಿಯಾಗುತ್ತಾ ಬಂದಿದ್ದು ಕಂಡಿತು. ಥಟ್ಟನೆ ಬದಲಾಗಲಿಲ್ಲ. ಕಂದಿಗೆ ಕೆಂಪು ಎಲ್ಲಿ ಸೇರಿತು ಅಂತ ಗೆರೆ ಎಳೆಯಲು ಆಗದ ಹಾಗೆ ಬಂತು. ಲೆಕ್ಕದ ಪ್ರಕಾರ ಹಳೆಯದು ಶೇಕಡಾ 10ಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿರಬೇಕು.

ಮಟ್ಟ ನೋಡುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕು. ಎಂಜಿನ್ ಆಯಿಲ್ ನೋಡುವುದು ಎಂಜಿನ್ ನಿಲ್ಲಿಸಿ. ನನ್ನ ಗೇರ್‌ಬಾಕ್ಸಿನದು ಎಂಜಿನ್ ಓಡುವಾಗ, ಬಿಸಿಯಾದಾಗ, ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ತೆಗೆದ ಮೇಲೆ. ನಿಲ್ಲಿಸಿದರೆ ಮೇಲಿನ ಎಣ್ಣೆ ಪ್ಯಾನಿಗೆ ಇಳಿದು ಜಾಸ್ತಿ ಇದ್ದ ಹಾಗೆ ತೋರುತ್ತದೆ. ತಣ್ಣಗಿದ್ದಾಗ ನೋಡಿದರೆ ಕಡಿಮೆ ಇದ್ದ ಹಾಗೆ ತೋರುತ್ತದೆ. ಇಷ್ಟು ಎಣ್ಣೆ 20 ಡಿಗ್ರಿಯಿಂದ 80ಕ್ಕೆ ಏರಿದರೆ ಲೀಟರಿನ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ, ಅದು ಸಣ್ಣ ವ್ಯತ್ಯಾಸವಲ್ಲ. ಕಡಿಮೆಯಾದರೆ ಪಂಪು ಗಾಳಿ ಕುಡಿಯುತ್ತದೆ. ಜಾಸ್ತಿಯಾದರೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ತಡೆಯುವ ಶಕ್ತಿ ಇಲ್ಲ, ಕ್ಲಚ್ ಜಾರುತ್ತದೆ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಭಾವನ ಗಾಡಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಎಣ್ಣೆ 40 ಡಿಗ್ರಿ ಆಸುಪಾಸು ಇರುವಾಗ ಓವರ್‌ಫ್ಲೋ ಬೋಲ್ಟ್ ಬಿಚ್ಚಿ, ಧಾರೆ ನಿಂತು ತೊಟ್ಟಿಕ್ಕತೊಡಗಿದಾಗ ಮುಚ್ಚಬೇಕು. ಎಣ್ಣೆಯ ಬಿಸಿ ತೋರಿಸುವ ಸ್ಕ್ಯಾನರ್ ಹಿಡಿದು ಒಬ್ಬರು ಮೇಲೆ, ಪಾನಾ ಹಿಡಿದು ಒಬ್ಬರು ಕೆಳಗೆ. ಅಂಥ ಗಾಡಿಯಲ್ಲಿ ಅವರದ್ದೊಂದು ನಿಯಮ ಇದೆ, ನಾನೂ ಕದ್ದಿದ್ದೇನೆ. ಇಳಿಸುವ ಬೋಲ್ಟ್ ಮುಟ್ಟುವ ಮೊದಲು ತುಂಬುವ ಬೋಲ್ಟ್ ಬಿಚ್ಚಿಬರುತ್ತದೋ ನೋಡು. ಎಣ್ಣೆಯೆಲ್ಲ ಟ್ರೇಗೆ ಬಂದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಕಾರನ್ನು ತಳ್ಳಿಕೊಂಡು ಹೋಗಬೇಕಾಗುತ್ತದೆ.

ಹಳೇ ಎಣ್ಣೆ ತೆಗೆದರೆ ಗೇರ್‌ಬಾಕ್ಸ್ ಕೂತುಬಿಡುತ್ತೆ ಅಂತ ಗ್ಯಾರೇಜಿನಲ್ಲಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಕ್ಲಚ್ ಸವೆದು, ಎಣ್ಣೆ ಸುಟ್ಟ ವಾಸನೆ ಹೊಡೆದು, ಗೇರು ಜಾರಲು ಶುರುವಾದ ಮೇಲೆಯೇ ಹೆಚ್ಚಿನವರಿಗೆ ಎಣ್ಣೆಯ ನೆನಪಾಗುವುದು. ಆಗ ಬದಲಾಯಿಸಿದರೂ ಅದು ಉಳಿಯುವುದಿಲ್ಲ, ಬದಲಾಯಿಸದಿದ್ದರೂ ಉಳಿಯುವುದಿಲ್ಲ. ಬೈಗುಳ ಮಾತ್ರ ಕೊನೆಗೆ ಮುಟ್ಟಿದವನಿಗೆ. ಅದಕ್ಕೇ ಅವರು ಮುಟ್ಟುವುದಿಲ್ಲ. ನನ್ನದು ಜಾರುತ್ತಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ, ಬರೀ ನಡುಗುತ್ತಿತ್ತು. ಆ ಧೈರ್ಯದ ಮೇಲೆ ಕೈ ಹಾಕಿದ್ದು.

ಈಗ ನಡುಕ ಹೆಚ್ಚುಕಡಿಮೆ ಹೋಗಿದೆ. ಎರಡನೇ ಸಲದ ನಂತರವೇ ಕಡಿಮೆಯಾಗಿತ್ತು. ಈಗಲೂ ಯಾವಾಗಲೋ ಒಮ್ಮೆ, 60ರಲ್ಲಿ, ಒಂದು ಸಣ್ಣ ಗರ್. ಜೊತೆಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಹಳೇ ಎಣ್ಣೆಯನ್ನೆಲ್ಲ ಖಾಲಿ ಡಬ್ಬಿಗಳಿಗೇ ತುಂಬಿ, ಬಳಸಿದ ಎಣ್ಣೆ ತೆಗೆದುಕೊಳ್ಳುವವರಿಗೆ ಕೊಟ್ಟು ಬಂದೆ.

ಮೊನ್ನೆ ಮಗಳೇ ಡಿಪ್‌ಸ್ಟಿಕ್ ಎಳೆದು ಒರೆಸಿದಳು. ಪಕ್ಕದಲ್ಲಿ ಹೊಸ ಡಬ್ಬಿಯಿಂದ ಒಂದು ಹನಿ ಇಟ್ಟು ಹೋಲಿಸಿದಳು. "ಇನ್ನೂ ಸ್ವಲ್ಪ ಮಂಕಾಗಿದೆ ಅಪ್ಪಾ. ಪೂರ್ತಿ ಹೋಗಿಲ್ಲ."

"ಹೋಗಲ್ಲ" ಅಂದೆ. ಹಿಂದಿನ ಮೂಲೆಯ ಆ ಬೋಲ್ಟಿನ ಹತ್ತಿರ ಇನ್ನೂ ತೇವ ಇದೆ. ತೊಟ್ಟಿಕ್ಕುವುದಿಲ್ಲ, ಬೆರಳಿಟ್ಟರೆ ಅಂಟುತ್ತದೆ ಅಷ್ಟೇ. ಕೆಳಗೆ ಒಂದು ರಟ್ಟು ಹಾಕಿ ಬಂದಿದ್ದೇನೆ, ಬೆಳಿಗ್ಗೆ ನೋಡಬೇಕು.